ಕರೆದವರ ಊರು, ಕರೆಸಿಕೊಂಡವರ ಊರು

ಪರಊರಿನ ಬದುಕಿನ ಬಗ್ಗೆ ಬರೆಯಿರಿ ಎಂದರೆ ನಮ್ಮಲ್ಲಿ ಹೆಚ್ಚಿನವರು ಬಾಡಿಗೆ ಮನೆ, ಲೋಕಲ್ ಟ್ರೈನು, ಸಂಘದ ರಾಜ್ಯೋತ್ಸವ ಇವನ್ನೇ ಬರೆಯುತ್ತಾರೆ. ತಪ್ಪೇನಿಲ್ಲ, ಓದಲು ಚೆನ್ನಾಗಿರುತ್ತದೆ. ನಾನು ಮಾತ್ರ ಒಂದು ಸಿನಿಮಾದ ವಿಮರ್ಶೆ ಬರೆಯುತ್ತಿದ್ದೇನೆ. ಅದೂ ಕನ್ನಡದ್ದಲ್ಲ, ಹಿಂದಿಯದ್ದೂ ಅಲ್ಲ. ಅರಬ್ಬಿ ಮತ್ತು ಇಂಗ್ಲಿಷು ಕಲಸಿದ ಒಂದು ಅಮೆರಿಕನ್ ಸಿನಿಮಾ. ಹೆಸರು ‘ಅಮ್ರೀಕಾ’. ಅರಬ್ಬರು ಅಮೆರಿಕ ಅನ್ನುವುದನ್ನು ಹಾಗೆ ಉಚ್ಚರಿಸುತ್ತಾರೆ. ನಮ್ಮ ಕಡೆ ಅಜ್ಜಿಯರೂ ಹೆಚ್ಚು ಕಡಿಮೆ ಹಾಗೇ ಅನ್ನುತ್ತಿದ್ದರು.

ಇದನ್ನು ಮಾಡಿದವರು ಚೆರಿಯನ್ ದಾಬಿಸ್ ಎಂಬ ಹೆಣ್ಣುಮಗಳು. ಅದು ಅವರ ಮೊದಲ ದೊಡ್ಡ ಚಿತ್ರ. 2009ರ ಜನವರಿಯಲ್ಲಿ ಸನ್‌ಡಾನ್ಸ್ ಚಿತ್ರೋತ್ಸವದಲ್ಲಿ ಮೊದಲ ಪ್ರದರ್ಶನ ಕಂಡು, ಅದೇ ವರ್ಷ ಕಾನ್ ಉತ್ಸವದಲ್ಲಿ ವಿಮರ್ಶಕರ ಒಕ್ಕೂಟದ ಪ್ರಶಸ್ತಿ ಪಡೆಯಿತು. ಪ್ರಶಸ್ತಿ ಬಂದ ಚಿತ್ರ ಅಂತ ಹೆದರಬೇಕಾಗಿಲ್ಲ. ಕಥೆ ನೇರವಾಗಿದೆ, ನಗು ಇದೆ, ಒಂದೂವರೆ ತಾಸಿನಲ್ಲಿ ಮುಗಿಯುತ್ತದೆ. ನಾನು ಇದನ್ನು ಮೂರು ಸಲ ನೋಡಿದೆ. ಮೂರು ಸಲ ನೋಡಲು ಕಾರಣ ಕಲೆ ಅಲ್ಲ, ವೃತ್ತಿ. ಇದರ ನಾಯಕಿ ಬ್ಯಾಂಕಿನವಳು.

ಮುನಾ ಎಂದು ಅವಳ ಹೆಸರು. ಪ್ಯಾಲೆಸ್ತೀನಿನ ಬೆತ್ಲೆಹೇಮಿನಲ್ಲಿ ತಾಯಿ, ಮಗನ ಜೊತೆ ವಾಸ. ಕೆಲಸ ರಾಮಲ್ಲಾದ ಬ್ಯಾಂಕಿನಲ್ಲಿ. ನಡುವೆ ತಪಾಸಣೆಯ ಗೇಟುಗಳು, ಗೋಡೆ, ಸುತ್ತುದಾರಿ. ಗಂಡ ಬಿಟ್ಟುಹೋಗಿದ್ದಾನೆ. ಮಗ ಫಾದಿಗೆ ಹದಿನಾರರ ಆಸುಪಾಸು. ಒಂದು ದಿನ ಮನೆಗೆ ಬಂದರೆ ಲಕೋಟೆ ಬಂದಿದೆ: ಹಿಂದೆಂದೋ ಹಾಕಿದ್ದ ಅರ್ಜಿಗೆ ಲಾಟರಿಯಲ್ಲಿ ಅಮೆರಿಕದ ಗ್ರೀನ್ ಕಾರ್ಡು ಹತ್ತಿದೆ. ತಾಯಿಗೆ ಮನಸ್ಸಿಲ್ಲ, ಮಗನಿಗೆ ಹೋಗಲೇಬೇಕು. ಇಲಿನಾಯ್ ರಾಜ್ಯದ ಒಂದು ಸಣ್ಣ ಊರಿನಲ್ಲಿ ಮುನಾಳ ಅಕ್ಕ ರಘ್ದಾ ಇದ್ದಾಳೆ. ಭಾವ ನಬೀಲ್ ಡಾಕ್ಟರು, ಮೂರು ಹೆಣ್ಣುಮಕ್ಕಳು, ಸ್ವಂತ ಮನೆ. ಹೊರಟೇಬಿಡುತ್ತಾರೆ. ಕಾಲ 2003, ಅಮೆರಿಕದ ಸೈನ್ಯ ಇರಾಕಿಗೆ ನುಗ್ಗಿದ ಹೊತ್ತು.

ಈ ಲಾಟರಿಯ ವಿಷಯ ನಮ್ಮ ಓದುಗರಿಗೆ ಸ್ವಲ್ಪ ಹೇಳಬೇಕು. ಯಾವ ದೇಶಗಳಿಂದ ಅಮೆರಿಕಕ್ಕೆ ಕಡಿಮೆ ಜನ ಹೋಗುತ್ತಿದ್ದರೋ ಅಲ್ಲಿಯವರಿಗಾಗಿ 1990ರ ಕಾಯ್ದೆಯಲ್ಲಿ ಮಾಡಿದ ಏರ್ಪಾಡು ಅದು. ವರ್ಷಕ್ಕೆ 55,000ದ ವರೆಗೆ ವೀಸಾ, ಚೀಟಿ ಎತ್ತಿ ಕೊಡುವುದು. ನಾವು ಭಾರತದವರು ಆಗಲೇ ಸಾಕಷ್ಟು ಮಂದಿ ಹೋಗಿ ಸೇರಿದ್ದರಿಂದ ನಮಗೆ ಆ ಚೀಟಿಯೇ ಇರಲಿಲ್ಲ. ಹಾಗಾಗಿ ಆ ಲಕೋಟೆ ಬರುವ ಗಳಿಗೆಯ ಸಂಭ್ರಮ, ದಿಗಿಲು ನಮಗೆ ಅಷ್ಟು ಪರಿಚಿತವಲ್ಲ. ನಮ್ಮವರಿಗೆ ಪರಿಚಿತವಾದದ್ದು ಟ್ರಾನ್ಸ್‌ಫರ್ ಆರ್ಡರು. ಆದರೆ ಅದೃಷ್ಟದ ಚೀಟಿಯಿಂದ ಹೋಗುವವನಿಗೂ ಆರ್ಡರಿನಿಂದ ಹೋಗುವವನಿಗೂ ಒಂದು ವ್ಯತ್ಯಾಸವಿದೆ. ಆರ್ಡರು ಕೊಟ್ಟವರು ಆ ಕಡೆ ಒಂದು ಕುರ್ಚಿ ಇಟ್ಟಿರುತ್ತಾರೆ. ಚೀಟಿ ಎತ್ತಿದವರು ಕುರ್ಚಿ ಇಡುವುದಿಲ್ಲ.

ಮುನಾ ಹೋದೊಡನೆ ಆಗುವ ಮೊದಲ ಅನಾಹುತ ದುಡ್ಡಿನದು. ಉಳಿತಾಯದ ಹಣವನ್ನೆಲ್ಲ ಅವಳು ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಅಡಗಿಸಿ ತಂದಿರುತ್ತಾಳೆ. ವಿಮಾನ ನಿಲ್ದಾಣದ ಕಸ್ಟಮ್ಸ್‌ನವರು ತಿಂಡಿ ಪದಾರ್ಥ ಒಳಗೆ ಬಿಡುವಂತಿಲ್ಲ ಎಂದು ಡಬ್ಬಿಯನ್ನೇ ತೆಗೆದುಕೊಂಡುಬಿಡುತ್ತಾರೆ. ಒಳಗೆ ಏನಿತ್ತೆಂದು ಮಗನಿಗೆ ಗೊತ್ತಿಲ್ಲ. ತಾಯಿಗೆ ಗೊತ್ತಾಗುವ ಹೊತ್ತಿಗೆ ಮನೆ ಮುಟ್ಟಿಯಾಗಿದೆ. ನಮ್ಮ ಮನೆಯಾಕೆ ಪಕ್ಕದಲ್ಲಿ ಕೂತಿದ್ದವಳು, “ಏನ್ರೀ, ಬ್ಯಾಂಕಿನಾಕಿ ಆಗಿ ಡಬ್ಬಿಯೊಳಗ ರೊಕ್ಕ ಇಡೋದ? ಒಂದು ಡಿ.ಡಿ. ತಗಸಬಾರದಿತ್ತ?” ಅಂದಳು. ಮೂವತ್ತಾರು ವರ್ಷ ಬ್ಯಾಂಕಿನವನ ಜೊತೆ ಬಾಳಿದ್ದರ ಫಲ! ಪ್ರಶ್ನೆ ಸರಿಯಾಗಿದೆ. ನಿರ್ದೇಶಕಿಗೆ ನಾಯಕಿಯ ಕೈ ಖಾಲಿ ಆಗಬೇಕಿತ್ತು, ಅದಕ್ಕೆ ಸುಲಭದ ದಾರಿ ಹಿಡಿದಿದ್ದಾರೆ ಅನ್ನಬಹುದು. ಆದರೆ ನನಗೆ ಇದು ಅಷ್ಟು ಅಸಹಜ ಅನ್ನಿಸಲಿಲ್ಲ. ಬ್ಯಾಂಕಿನೊಳಗೆ ಕೂತವರಿಗೇ ಬ್ಯಾಂಕಿನ ಮೇಲೆ ಪೂರ್ತಿ ನಂಬಿಕೆ ಇರಬೇಕೆಂದಿಲ್ಲ. ಗಡಿ, ಗೇಟು, ಕಾಗದ ಇವುಗಳಿಂದ ದಿನಾ ಪೆಟ್ಟು ತಿಂದವರು ಕಾಗದಕ್ಕಿಂತ ಡಬ್ಬಿಯನ್ನೇ ನಂಬುತ್ತಾರೆ.

ಚಿತ್ರದ ಅತ್ಯುತ್ತಮ ಭಾಗ ಇದರ ನಂತರದ್ದು. ಮುನಾ ಕೆಲಸಕ್ಕೆ ಅಲೆಯುತ್ತಾಳೆ. ಓದು ಇದೆ, ಬ್ಯಾಂಕಿನಲ್ಲಿ ವರ್ಷಗಟ್ಟಲೆ ದುಡಿದ ಅನುಭವ ಇದೆ, ಇಂಗ್ಲಿಷ್ ಬರುತ್ತದೆ. ಯಾರೂ ಕೆಲಸ ಕೊಡುವುದಿಲ್ಲ. ಕೊನೆಗೆ ‘ವೈಟ್ ಕ್ಯಾಸಲ್’ ಎಂಬ ಬರ್ಗರ್ ಅಂಗಡಿಯಲ್ಲಿ ಕೆಲಸ ಸಿಗುತ್ತದೆ. ಅಂಗಡಿಯ ಪಕ್ಕದಲ್ಲೇ ಒಂದು ಬ್ಯಾಂಕು. ಅಕ್ಕನ ಮನೆಯಲ್ಲಿ ಅವಳು ಹೇಳುವುದೇನು ಗೊತ್ತೇ? ಬ್ಯಾಂಕಿನಲ್ಲಿ ಕೆಲಸ ಸಿಕ್ಕಿತು ಎಂದು. ಬೆಳಿಗ್ಗೆ ನೀಟಾಗಿ ಡ್ರೆಸ್ ಮಾಡಿಕೊಂಡು, ಬ್ಯಾಂಕಿನ ಬಾಗಿಲಿಗೆ ಇಳಿದುಕೊಂಡು, ಬಿಟ್ಟುಹೋದವರ ಕಾರು ಮರೆಯಾದ ಮೇಲೆ ಪಕ್ಕದ ಬರ್ಗರ್ ಅಂಗಡಿಗೆ ನಡೆಯುತ್ತಾಳೆ. ಸಂಜೆ ಮತ್ತೆ ಬ್ಯಾಂಕಿನ ಬಾಗಿಲಲ್ಲೇ ನಿಲ್ಲುತ್ತಾಳೆ. ಆ ಬ್ಯಾಂಕಿನ ಒಬ್ಬಾಕೆ ಇದನ್ನು ಕಂಡುಹಿಡಿದರೂ ಬಾಯಿಬಿಡದೆ ಸಹಕರಿಸುತ್ತಾಳೆ.

ನಿಸ್ರೀನ್ ಫೌರ್ ಎಂಬ ನಟಿ ಈ ಪಾತ್ರ ಮಾಡಿದ್ದಾರೆ. ದುಂಡಗಿನ ಮೈ, ಅಗಲವಾದ ನಗು. ಬರ್ಗರ್ ಅಂಗಡಿಯ ಟೋಪಿ ಇಟ್ಟುಕೊಳ್ಳುವಾಗ ಅವರು ಅಳುವುದಿಲ್ಲ, ದುಃಖದ ಸಂಗೀತವೂ ಬರುವುದಿಲ್ಲ. ಕ್ಯಾಷಿಯರ್ ಕೌಂಟರಿನಲ್ಲಿ ವರ್ಷಗಟ್ಟಲೆ ಕೂತವಳ ಬೆನ್ನು ಹೇಗೆ ನೆಟ್ಟಗಿರುತ್ತದೋ ಆ ಬೆನ್ನನ್ನೇ ಅವರು ಆ ಅಂಗಡಿಯಲ್ಲೂ ಇಟ್ಟುಕೊಳ್ಳುತ್ತಾರೆ. ಅದನ್ನು ನೋಡಿ ನನಗೆ ನಿಜವಾಗಿ ಹೊಟ್ಟೆಯಲ್ಲಿ ಏನೋ ಆಯಿತು.

ಏಕೆಂದರೆ ಈ ಸುಳ್ಳನ್ನು ನಾನು ಬಲ್ಲೆ. 1983ರಲ್ಲಿ ಧಾರವಾಡದಲ್ಲಿ ಎಂ.ಕಾಂ. ಮುಗಿಸಿ ಬ್ಯಾಂಕಿಗೆ ಸೇರಿದವನಿಗೆ ಮೊದಲು ಸಿಕ್ಕಿದ್ದು ಮುಂಬಯಿ, ಮಾಟುಂಗಾದ ಕಡೆಯ ಒಂದು ಶಾಖೆ. ಪ್ರತಿ ತಿಂಗಳು ಮೊದಲ ವಾರ ಕುಂದಾಪುರ, ಉಡುಪಿ ಕಡೆಗೆ ಡ್ರಾಫ್ಟ್ ತೆಗೆಸಲು ಸಾಲು. ಅದರಲ್ಲಿ ಒಬ್ಬ ಹುಡುಗ, ಬಿ.ಎ. ಪಾಸಾದವನು, ಹೋಟೆಲಿನಲ್ಲಿ ಬಿಲ್ ಬರೆಯುತ್ತಿದ್ದ, ರಶ್ ಇದ್ದಾಗ ಟೇಬಲ್ಲೂ ಒರೆಸುತ್ತಿದ್ದ. ಖಾತೆ ತೆರೆಯುವ ಫಾರಮ್ಮಿನಲ್ಲಿ ಉದ್ಯೋಗ ಎಂಬ ಕಡೆ ‘ಸರ್ವಿಸ್’ ಎಂದು ಬರೆದ. ಎಲ್ಲಿ ಸರ್ವಿಸ್ ಅಂತ ಕೇಳಿದರೆ ದನಿ ತಗ್ಗಿಸಿ, “ಸಾರ್, ಮನೆಗೆ ಆಫೀಸು ಅಂತಲೇ ಹೇಳಿದ್ದೇನೆ. ಡ್ರಾಫ್ಟಿನ ಮೇಲೆ ಹೋಟೆಲಿನ ಹೆಸರು ಬರುವುದಿಲ್ಲವಷ್ಟೆ?” ಅಂದ. ಬರುವುದಿಲ್ಲ ಮಾರಾಯ ಎಂದೆ. ನನ್ನದೂ ಆ ಬ್ಯಾಂಕಿನ ಹೆಂಗಸಿನ ಪಾತ್ರವೇ ಆಯಿತಲ್ಲ!

ಆದರೆ ಆ ಹುಡುಗನಿಗೂ ಮುನಾಳಿಗೂ ಇರುವ ಅಂತರವೇ ಈ ಚಿತ್ರದ ಬಗ್ಗೆ ನನ್ನ ಮುಖ್ಯ ಮಾತು. ಆ ಹುಡುಗನನ್ನು ಮುಂಬಯಿ ಮಹಾನಗರ ಕರೆದಿರಲಿಲ್ಲ. ಅವನ ಸೋದರಮಾವ ಕರೆಸಿಕೊಂಡಿದ್ದ. ಕನ್ನಡದಲ್ಲಿ ಕರೆಯುವುದು ಬೇರೆ, ಕರೆಸಿಕೊಳ್ಳುವುದು ಬೇರೆ. ಕರೆಯುವವನು ಬಾಗಿಲಲ್ಲಿ ನಿಂತು ಬನ್ನಿ ಅನ್ನುತ್ತಾನೆ, ಒಳಗೆ ಹೋಗಿಬಿಡುತ್ತಾನೆ. ಕರೆಸಿಕೊಂಡವನಿಗೆ ಹೊಣೆ ಇದೆ: ಮಲಗಲು ಜಾಗ, ಮೊದಲ ತಿಂಗಳ ಊಟ, ಒಂದು ಕೆಲಸ, ಜ್ವರ ಬಂದರೆ ಗಂಜಿ. ಮಾಟುಂಗಾ ಬೆಳೆದದ್ದು ಹೀಗೆ. ಮೈಸೂರು ಅಸೋಸಿಯೇಷನ್ 1926ರಲ್ಲಿ ಶುರುವಾಯಿತು; ರಾಮಾ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ 1942ರದ್ದು. ಹಗಲು ಹೋಟೆಲಿನಲ್ಲಿ ದುಡಿದ ಹುಡುಗರು ರಾತ್ರಿ ಕನ್ನಡ ಶಾಲೆಗಳಲ್ಲಿ ಓದಿದರು. ಇದಾವುದಕ್ಕೂ ನಗರಸಭೆಯ ಆಮಂತ್ರಣ ಪತ್ರಿಕೆ ಇರಲಿಲ್ಲ. ಇರಲಿಲ್ಲ ಅಷ್ಟೇ ಅಲ್ಲ, 1966ರಲ್ಲಿ ಶಿವಸೇನೆ ಹುಟ್ಟಿದಾಗ ದಕ್ಷಿಣದವರು ಹೋಗಿ ಎಂಬ ಕೂಗೇ ಎದ್ದಿತು, ಉಡುಪಿ ಹೋಟೆಲುಗಳ ಮೇಲೆ ಕಲ್ಲು ಬಿದ್ದವು. ಆದರೂ ಹೋಟೆಲುಗಳು ಉಳಿದವು. ಒಬ್ಬೊಬ್ಬರ ಹಿಂದೆ ಹತ್ತು ಜನ ಇದ್ದರು.

ಮುನಾಳ ಹಿಂದೆ ಅಕ್ಕ ಇದ್ದಾಳೆ, ನಿಜ. ಆದರೆ ಆ ಅಕ್ಕನ ಹಿಂದೆ ಯಾರೂ ಇಲ್ಲ. ಇದನ್ನು ಚಿತ್ರ ನಬೀಲನ ಕಥೆಯಲ್ಲಿ ಚೆನ್ನಾಗಿ ತೋರಿಸುತ್ತದೆ. ಒಳ್ಳೆಯ ಡಾಕ್ಟರು, ವರ್ಷಗಳಿಂದ ಆ ಊರಿನವರ ಕೈ ಹಿಡಿದು ನಾಡಿ ನೋಡಿದವನು. ಇರಾಕ್ ಯುದ್ಧ ಶುರುವಾಗುತ್ತಿದ್ದಂತೆ ರೋಗಿಗಳು ಒಬ್ಬೊಬ್ಬರಾಗಿ ಬರುವುದು ಬಿಡುತ್ತಾರೆ. ಯಾರೂ ಬೈಯುವುದಿಲ್ಲ, ಜಗಳ ಇಲ್ಲ. ಬರುವುದಿಲ್ಲ, ಅಷ್ಟೆ. ಮನೆಸಾಲದ ಕಂತು ಬಾಕಿ ಬೀಳುತ್ತದೆ. ಗಂಡ ಹೆಂಡತಿ ನಡುವೆ ಮಾತು ಕಡಿಯುತ್ತದೆ. ಬ್ಯಾಂಕಿನಲ್ಲಿದ್ದವರಿಗೆ ಇದು ಅರ್ಥವಾಗುತ್ತದೆ. ಶಾಖೆಯ ಬಗ್ಗೆ ಊರಲ್ಲಿ ಒಂದು ಗಾಳಿಮಾತು ಹುಟ್ಟಿದರೆ ಯಾರೂ ಮ್ಯಾನೇಜರ ಹತ್ತಿರ ಬಂದು ಕೇಳುವುದಿಲ್ಲ. ಮಗಳ ಮದುವೆ, ಮನೆ ರಿಪೇರಿ ಅಂತ ಒಂದೊಂದು ಕಾರಣ ಹೇಳಿ ಠೇವಣಿ ತೆಗೆದುಕೊಂಡು ಹೋಗುತ್ತಾರೆ. ಎಲ್ಲರೂ ನಗುತ್ತಲೇ ಹೋಗುತ್ತಾರೆ.

ಇದು ಕಟ್ಟುಕಥೆಯಲ್ಲ. ದಾಬಿಸ್ ಬೆಳೆದದ್ದು ಒಹಾಯೋ ರಾಜ್ಯದ ಸೆಲೈನಾ ಎಂಬ ಸಣ್ಣ ಊರಿನಲ್ಲಿ, ತಂದೆ ಅಲ್ಲಿ ಡಾಕ್ಟರು. 1991ರ ಕೊಲ್ಲಿ ಯುದ್ಧದಲ್ಲಿ ಅವರ ತಂದೆಯ ರೋಗಿಗಳು ಹೀಗೆಯೇ ಬಿಟ್ಟು ಹೋದರು. ಹದಿನೇಳು ವರ್ಷದ ಅಕ್ಕ ಅಧ್ಯಕ್ಷರನ್ನು ಕೊಲ್ಲುತ್ತೇನೆ ಅಂದಳೆಂದು ಯಾರೋ ಚಾಡಿ ಹೇಳಿ, ವಿಚಾರಣೆಗೆ ಸೀಕ್ರೆಟ್ ಸರ್ವಿಸ್‌ನವರು ಶಾಲೆಗೇ ಬಂದಿದ್ದರಂತೆ. ಚಿತ್ರದಲ್ಲಿ ಇದನ್ನು 2003ಕ್ಕೆ ತಂದಿದ್ದಾರೆ. ತಂದೆಯ ಸಂಕಟ ಕಂಡ ಮಗಳ ಕಣ್ಣು ನಬೀಲನ ದೃಶ್ಯಗಳಲ್ಲಿ ಇದೆ, ಅದಕ್ಕೇ ಅಲ್ಲಿ ಒಂದು ಮಾತೂ ಹೆಚ್ಚಿಲ್ಲ. ರಘ್ದಾಳ ಪಾತ್ರದಲ್ಲಿ ಹಿಯಾಮ್ ಅಬ್ಬಾಸ್ ಇದ್ದಾರೆ. ಹದಿನೈದು ವರ್ಷ ಪರದೇಶದಲ್ಲಿದ್ದೂ ಬೇರು ಇಳಿಯದ ಹೆಂಗಸಿನ ಸಿಡಿಮಿಡಿ ಅವರ ಮುಖದಲ್ಲೇ ಕಾಣುತ್ತದೆ. ಅಂಥ ಹೆಂಗಸರು ನಮ್ಮ ಹೈದರಾಬಾದ್, ಪುಣೆ ಸಂಘಗಳಲ್ಲೂ ಇದ್ದಾರೆ. ಊರಿಗೆ ಹೋದರೆ ಊರು ಸರಿಯಿಲ್ಲ, ಇಲ್ಲಿಗೆ ಬಂದರೆ ಇದು ಸರಿಯಿಲ್ಲ.

ಇನ್ನು ಕೊರತೆ. ಈ ಚಿತ್ರದಲ್ಲಿ ಮನೆ ಇದೆ, ಶಾಲೆ ಇದೆ, ಬರ್ಗರ್ ಅಂಗಡಿ ಇದೆ. ಊರು ಇಲ್ಲ. ಚಿತ್ರೀಕರಣ ಕೆನಡಾದ ವಿನ್ನಿಪೆಗ್‌ನಲ್ಲಿ ಆಯಿತಂತೆ, ಅದು ತಪ್ಪಲ್ಲ. ಶಿವಮೊಗ್ಗ ತೋರಿಸಬೇಕಾದರೆ ನಮ್ಮವರು ಸಕಲೇಶಪುರ ತೋರಿಸುವುದಿಲ್ಲವೇ. ಊರು ಇಲ್ಲ ಅಂದರೆ ಊರಿನ ಮನಸ್ಸು ಇಲ್ಲ. ಒಂದು ಕಡೆ ಫಾದಿಯನ್ನು ಒಸಾಮಾ ಎಂದು ಹೀಯಾಳಿಸುವ ಪುಂಡ ಹುಡುಗರು. ಇನ್ನೊಂದು ಕಡೆ ಬಂಗಾರದಂಥ ಮುಖ್ಯೋಪಾಧ್ಯಾಯ ನೊವಾಟ್ಸ್ಕಿ, ಪೋಲೆಂಡ್ ಮೂಲದ ಯಹೂದಿ. ಮುನಾ ಮುಸ್ಲಿಮಳಿರಬೇಕು ಅಂದುಕೊಂಡ ಅವನಿಗೆ ಅವಳು ಕ್ರೈಸ್ತಳೆಂದು ಗೊತ್ತಾಗುವುದು, ಅವನು ಯಹೂದಿ ಎಂದು ಅವಳಿಗೆ ಗೊತ್ತಾಗುವುದು ಚಂದವಾಗಿ ಬಂದಿದೆ. ಅಲ್ಲಿಯೂ ಅಲ್ಪಸಂಖ್ಯಾತೆ, ಇಲ್ಲಿಯೂ ಅಲ್ಪಸಂಖ್ಯಾತೆ! ಆದರೆ ಪುಂಡರೂ ಅಲ್ಲದ, ದೇವರಂಥವರೂ ಅಲ್ಲದ, ನಡುವಿನ ನೂರು ಜನ ಎಲ್ಲಿ? ನಬೀಲನ ದವಾಖಾನೆ ಬಿಟ್ಟುಹೋದವರು ಅವರೇ ತಾನೆ? ಅವರಲ್ಲಿ ಒಬ್ಬನ ಅಡುಗೆಮನೆಗೆ ಕ್ಯಾಮೆರಾ ಹೋಗಿ, ಗಂಡ ಹೆಂಡತಿ ಡಾಕ್ಟರು ಬದಲಾಯಿಸುವ ಮಾತಾಡುವುದನ್ನು ಐದು ನಿಮಿಷ ತೋರಿಸಿದ್ದರೆ ಚಿತ್ರದ ತೂಕವೇ ಬೇರೆಯಾಗುತ್ತಿತ್ತು.

ಆ ನಡುವಿನ ನೂರು ಜನ ಏನು ಮಾತಾಡುತ್ತಾರೆ ಎಂಬುದು ಚಿತ್ರ ಬಂದ ಏಳು ವರ್ಷಕ್ಕೆ ನಿಜ ಜೀವನದಲ್ಲೇ ಗೊತ್ತಾಯಿತು. ವರ್ಮಾಂಟ್ ರಾಜ್ಯದಲ್ಲಿ ರಟ್‌ಲಂಡ್ ಅಂತ ಒಂದು ಊರು. ಹೆಚ್ಚೆಂದರೆ ಹದಿನಾರು ಸಾವಿರ ಜನ, ನಮ್ಮ ಒಂದು ತಾಲೂಕು ಕೇಂದ್ರದಷ್ಟೂ ಇಲ್ಲ. ಹಿಂದೆ ಅಮೃತಶಿಲೆ ಗಣಿ, ರೈಲು ಇವುಗಳಿಂದ ಮೆರೆದ ಊರು. ಆ ಕೆಲಸಕ್ಕೆಂದೇ ಐರ್ಲೆಂಡ್, ಇಟಲಿ, ಪೋಲೆಂಡಿನಿಂದ ಬಂದವರ ಮೊಮ್ಮಕ್ಕಳು ಈಗಿನ ನಿವಾಸಿಗಳು. ಕಸುಬು ಇಳಿಯಿತು, ಜನ ಕಡಿಮೆಯಾಗುತ್ತ ಬಂದರು, ಮಾದಕ ವಸ್ತುಗಳ ಪಿಡುಗು ಬೇರೆ. 2016ರ ಏಪ್ರಿಲಿನಲ್ಲಿ ಅಲ್ಲಿನ ಮೇಯರ್ ಕ್ರಿಸ್ಟೋಫರ್ ಲೂರಾಸ್ ಒಂದು ಘೋಷಣೆ ಮಾಡಿದರು: ಯುದ್ಧದಿಂದ ಓಡಿಬಂದ ಸಿರಿಯಾದ 100 ಜನರನ್ನು ನಮ್ಮ ಊರಿಗೆ ಬರಮಾಡಿಕೊಳ್ಳೋಣ. ಅವರು ಸ್ವತಃ ಗ್ರೀಸ್‌ನಿಂದ ಬಂದ ಅಜ್ಜನ ಮೊಮ್ಮಗ. ಅವರು ಕೊಟ್ಟ ಕಾರಣ ದಯೆ ಒಂದೇ ಅಲ್ಲ, ಲೆಕ್ಕಾಚಾರವೂ ಇತ್ತು. ಊರಿಗೆ ಜನ ಬೇಕು, ಆಸ್ಪತ್ರೆಗೂ ಕಾರ್ಖಾನೆಗೂ ಕೈಗಳು ಬೇಕು, ಖಾಲಿ ಮನೆಗಳಿಗೆ ದೀಪ ಬೇಕು.

ಊರು ಎರಡು ಪಾಲಾಯಿತು. ಒಂದು ಗುಂಪು ‘ರಟ್‌ಲಂಡ್ ವೆಲ್‌ಕಮ್ಸ್’ ಎಂದು ಹೆಸರಿಟ್ಟುಕೊಂಡು ಮಂಚ, ಪಾತ್ರೆ, ಚಳಿಕೋಟು ಕೂಡಿಹಾಕಿತು. ಅರಬ್ಬಿ ಮಾತು ಕಲಿಯಲು ಕೂತಿತು. ಇನ್ನೊಂದು ಗುಂಪು ‘ರಟ್‌ಲಂಡ್ ಫಸ್ಟ್’, ಊರು ಮೊದಲು ಎಂದಿತು. ಅವರಲ್ಲಿ ಎಲ್ಲರೂ ಧರ್ಮದ ದ್ವೇಷದವರಲ್ಲ. ನಮಗೆ ಹೇಳದೆ ಕೇಳದೆ ಮೇಯರ್ ಒಬ್ಬರೇ ಹೇಗೆ ತೀರ್ಮಾನಿಸಿದರು ಎನ್ನುವುದು ಬಹಳ ಜನರ ಸಿಟ್ಟು. ಆ ಸಿಟ್ಟಿಗೆ ಆಧಾರ ಇತ್ತು. ನಗರಸಭೆಯ ಸದಸ್ಯರಿಗೇ ಸುದ್ದಿ ತಡವಾಗಿ ತಿಳಿಯಿತು. ಸಭೆ ಮೇಯರರ ಬೆಂಬಲಕ್ಕೆ ಪತ್ರ ಕೊಡಲು ಒಪ್ಪಲಿಲ್ಲ. ಆದರೂ ಕೇಂದ್ರ ಸರ್ಕಾರದ ಮಂಜೂರಾತಿ ಬಂತು. 2017ರ ಜನವರಿ ನಡುವಿನಲ್ಲಿ ಮೊದಲ ಎರಡು ಕುಟುಂಬಗಳು ಬಂದಿಳಿದವು. ಜನವರಿ 27ಕ್ಕೆ ಹೊಸ ಅಧ್ಯಕ್ಷ ಟ್ರಂಪ್ ಸಹಿ ಹಾಕಿದ ಆದೇಶದಲ್ಲಿ ಸಿರಿಯಾದ ನಿರಾಶ್ರಿತರಿಗೆ ಬಾಗಿಲು ಮುಚ್ಚಿತು. ನೂರರ ಲೆಕ್ಕ ನೂರು ಮುಟ್ಟಲಿಲ್ಲ, ಬೆರಳೆಣಿಕೆಯ ಮನೆಗಳಿಗೇ ನಿಂತಿತು. ಮಾರ್ಚಿನಲ್ಲಿ ಚುನಾವಣೆ, ಹತ್ತು ವರ್ಷ ಮೇಯರ್ ಆಗಿದ್ದ ಲೂರಾಸ್ ಸೋತರು.

ಈ ಪ್ರಸಂಗವನ್ನು ಮೇಯರರ ಧೈರ್ಯದ ಕಥೆ ಎಂದೋ, ಊರಿನ ಸಣ್ಣತನದ ಕಥೆ ಎಂದೋ ಹೇಳುವವರಿದ್ದಾರೆ. ನನಗೆ ಎರಡೂ ಪೂರ್ತಿ ಒಪ್ಪಿಗೆಯಿಲ್ಲ. ಕರೆದವರು ಒಳ್ಳೆಯ ಮನಸ್ಸಿನಿಂದ ಕರೆದರು, ಸರಿ. ಆದರೆ ಮನೆಯ ಯಜಮಾನ ಮಂದಿಯನ್ನು ಊಟಕ್ಕೆ ಕರೆದು ಬಂದು ಅಡುಗೆಮನೆಗೆ ಆಮೇಲೆ ಹೇಳಿದರೆ ಏನಾಗುತ್ತದೆ ಎಂಬುದು ಸಂಸಾರ ಮಾಡಿದವರಿಗೆಲ್ಲ ಗೊತ್ತು. ಬಡಿಸುವ ಕೈಗೆ ಸಿಟ್ಟು ಬಂದರೆ ಎಲೆಯ ಮುಂದೆ ಕೂತ ಅತಿಥಿಗೆ ಅವಮಾನ. ಇನ್ನೊಂದು ಮಾತು, ಇದು ಬ್ಯಾಂಕಿನವನ ಮಾತು ಅಂತ ಇಟ್ಟುಕೊಳ್ಳಿ. ಬರುವವರಿಂದ ಊರಿಗೆ ಲಾಭ ಎಂದು ಸಾರಿ ಕರೆದರೆ, ಬಂದವರು ಮೊದಲ ದಿನದಿಂದಲೇ ಸಾಲಗಾರರಂತೆ ಆಗುತ್ತಾರೆ. ಎಷ್ಟು ಜನಕ್ಕೆ ಕೆಲಸ ಸಿಕ್ಕಿತು, ಎಷ್ಟು ತೆರಿಗೆ ಕಟ್ಟಿದರು, ಯಾರ ಮಗ ಶಾಲೆಯಲ್ಲಿ ಜಗಳ ಮಾಡಿದ ಎಂದು ಊರು ಲೆಡ್ಜರ್ ತೆರೆದು ಕೂರುತ್ತದೆ. ಬಾಂಬು ಬಿದ್ದ ಮನೆಯಿಂದ ಮಕ್ಕಳನ್ನು ಎತ್ತಿಕೊಂಡು ಬಂದವನಿಗೆ ಇಷ್ಟು ಬೇಗ ಕಂತು ಕಟ್ಟು ಅನ್ನುವುದು ಯಾವ ನ್ಯಾಯ?

ಹಾಗಾದರೆ ಕರೆಯದೇ ಬಂದವರ ಊರು ಹೇಗಿದೆ? ಮಿಷಿಗನ್‌ನ ಡಿಯರ್‌ಬಾರ್ನ್ ನೋಡಿ. ಸಣ್ಣ ಊರೆಂದರೆ ಸಣ್ಣದಲ್ಲ, 2020ರ ಗಣತಿಯಲ್ಲಿ ಸುಮಾರು 1 ಲಕ್ಷ 10 ಸಾವಿರ ಜನ. ಅಲ್ಲಿ ಕರೆದದ್ದು ಫೋರ್ಡ್ ಕಾರ್ಖಾನೆಯ ಸಂಬಳ. ದಿನಕ್ಕೆ ಐದು ಡಾಲರ್ ಎಂದು ಹೆನ್ರಿ ಫೋರ್ಡ್ 1914ರಲ್ಲಿ ಸಾರಿದ್ದು ಲೆಬನಾನಿನ ಹಳ್ಳಿಗಳಿಗೂ ಕೇಳಿಸಿತು. 1920ರ ದಶಕದಲ್ಲಿ ಕಾರ್ಖಾನೆ ರೂಜ್ ನದಿಯ ದಡಕ್ಕೆ ಬಂದಾಗ ಕೆಲಸಗಾರರೂ ಹಿಂದೆಯೇ ಬಂದು ಸೌತ್ ಎಂಡ್ ಎಂಬ ಕೇರಿಯಲ್ಲಿ ನೆಲೆಸಿದರು. ಅಣ್ಣ ತಮ್ಮನನ್ನು ಕರೆಸಿಕೊಂಡ, ತಮ್ಮ ಹೆಂಡತಿಯ ಅಣ್ಣನನ್ನು. ಮೂವತ್ತಾರು ವರ್ಷ, 1942ರಿಂದ 1978ರ ವರೆಗೆ, ಅಲ್ಲಿ ಮೇಯರ್ ಆಗಿದ್ದ ಆರ್ವಿಲ್ ಹಬರ್ಡ್ ಕರಿಯರನ್ನು ಊರೊಳಗೆ ಸೇರಿಸದಿರುವುದನ್ನೇ ಹೆಮ್ಮೆ ಎಂದುಕೊಂಡಿದ್ದ ಮನುಷ್ಯ. ಅವನ ಕಾಲದಲ್ಲಿ ಸೌತ್ ಎಂಡ್ ಮನೆಗಳನ್ನು ಕೆಡವಲು ನಗರಸಭೆ ಹೊರಟಾಗ ನಿವಾಸಿಗಳು ಕೋರ್ಟಿಗೆ ಹೋಗಿ ತಡೆದರು. 1971ರಲ್ಲಿ ತಮ್ಮದೇ ಸಮುದಾಯ ಕೇಂದ್ರ ಕಟ್ಟಿಕೊಂಡರು. 1985ರಲ್ಲಿ ಕೂಡ ಅರಬ್ ಸಮಸ್ಯೆಗೆ ಏನು ಮಾಡೋಣ ಎಂದು ಕರಪತ್ರ ಹಂಚಿದ ಅಭ್ಯರ್ಥಿಯೇ ಮೇಯರ್ ಆಗಿ ಗೆದ್ದ. 2005ರಲ್ಲಿ ನಗರಸಭಾ ಕಚೇರಿಯ ಎದುರಿಗೇ ಅರಬ್ ಅಮೆರಿಕನ್ ರಾಷ್ಟ್ರೀಯ ವಸ್ತುಸಂಗ್ರಹಾಲಯ ತೆರೆಯಿತು. 2021ರಲ್ಲಿ ಅಬ್ದುಲ್ಲಾ ಹಮ್ಮೂದ್ ಮೇಯರ್ ಆಗಿ ಆಯ್ಕೆಯಾದರು, ಅಲ್ಲಿನ ಮೊದಲ ಅರಬ್ ಮೇಯರ್. ಸುಮಾರು ನೂರು ವರ್ಷ ಹಿಡಿಯಿತು. ಅಯೋವಾದ ಸೀಡರ್ ರ್‍ಯಾಪಿಡ್ಸ್‌ನಲ್ಲಿ ಇನ್ನೂ ಮುಂಚಿನ ಉದಾಹರಣೆ ಇದೆ. ಗಂಟು ಹೊತ್ತು ಹಳ್ಳಿ ಹಳ್ಳಿ ತಿರುಗಿ ಸಾಮಾನು ಮಾರುತ್ತಿದ್ದ, ಆಮೇಲೆ ಕಿರಾಣಿ ಅಂಗಡಿ ಇಟ್ಟ ಅರಬ್ಬರು ಅಲ್ಲಿ 1934ರಲ್ಲೇ ಒಂದು ಮಸೀದಿ ಕಟ್ಟಿದರು. ಮರದ ಪುಟ್ಟ ಕಟ್ಟಡ, ಈಗಲೂ ಇದೆ.

ಹಾಗಂತ ಯಾರೂ ಯಾರನ್ನೂ ಕರೆಯುವುದೇ ಬೇಡ, ಎಲ್ಲ ತಾನಾಗಿಯೇ ಆಗುತ್ತದೆ ಎಂದು ನಾನು ಹೇಳುತ್ತಿಲ್ಲ. ಸಿರಿಯಾದ ಕುಟುಂಬಕ್ಕೆ ನೂರು ವರ್ಷ ಕಾಯುವ ಪುರುಸೊತ್ತು ಎಲ್ಲಿದೆ. ಕರೆಯುವವರು ಬೇಕು. ಆದರೆ ಕರೆದ ಮೇಲೆ ಕರೆಸಿಕೊಳ್ಳುವವರ ಕೆಲಸವನ್ನೂ ಯಾರಾದರೂ ಮಾಡಬೇಕು. ರಟ್‌ಲಂಡಿನಲ್ಲಿ ಮಂಚ ಕೂಡಿಹಾಕಿದ, ಅರಬ್ಬಿ ಕಲಿಯಲು ಹೊರಟ ಆ ಸಾಧಾರಣ ಜನ ಅದನ್ನೇ ಮಾಡುತ್ತಿದ್ದರು. ನನ್ನ ಲೆಕ್ಕದಲ್ಲಿ ಮೇಯರರಿಗಿಂತ ಅವರು ದೊಡ್ಡವರು.

ಈಗ ಸಿನಿಮಾದ ಕೊನೆಗೆ ಬರೋಣ. ಮಗನನ್ನು ಪೊಲೀಸರು ಹಿಡಿದು, ಮುಖ್ಯೋಪಾಧ್ಯಾಯ ಬಿಡಿಸಿ, ಎಲ್ಲ ತಿಳಿಯಾದ ಮೇಲೆ ಇಡೀ ಕುಟುಂಬ ಒಂದು ಅರಬ್ ಹೋಟೆಲಿಗೆ ಊಟಕ್ಕೆ ಹೋಗುತ್ತದೆ. ನೊವಾಟ್ಸ್ಕಿಯೂ ಜೊತೆಗೆ. ಹಾಡು, ಕುಣಿತ, ನಗು. ಪತ್ರಿಕೆಗಳ ವಿಮರ್ಶಕರು ಇದನ್ನು ಹಿತವಾದ ಮುಕ್ತಾಯ ಎಂದರು. ನಾನು ಮಾತ್ರ ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಅಯ್ಯಾ, ಇಲ್ಲೊಂದು ಅರಬ್ ಹೋಟೆಲು ಇದೆಯೇ! ಒಂದೂವರೆ ತಾಸು ಇದನ್ನು ಯಾಕೆ ಬಚ್ಚಿಟ್ಟಿರಿ? ಇದನ್ನು ತೆರೆದವನು ಯಾರು, ಯಾವಾಗ ಬಂದ, ಯಾರು ಅವನಿಗೆ ಸಾಲ ಕೊಟ್ಟರು, 2003ರ ಆ ತಿಂಗಳುಗಳಲ್ಲಿ ಅವನ ಗಾಜು ಒಡೆಯಲಿಲ್ಲವೇ, ಅವನ ಅಡುಗೆಮನೆಯಲ್ಲಿ ಎಷ್ಟು ಜನ ಮುನಾಳ ಹಾಗೆ ಡಿಗ್ರಿ ಮಡಚಿಟ್ಟು ಪಾತ್ರೆ ತೊಳೆಯುತ್ತಿದ್ದಾರೆ? ಮಾಟುಂಗಾದಲ್ಲಿ ಹತ್ತು ವರ್ಷ ಹೋಟೆಲಿನವರ ಕರೆಂಟ್ ಖಾತೆ ನೋಡಿದ ನನಗೆ ಈ ಚಿತ್ರದ ನಿಜವಾದ ನಾಯಕ ತೆರೆಯ ಮೇಲೆ ಬಾರದ ಆ ಗಲ್ಲಾಪೆಟ್ಟಿಗೆಯ ಮನುಷ್ಯ. ಮುನಾ ಅವನ ಹತ್ತಿರ ಮೊದಲ ವಾರವೇ ಹೋಗಬೇಕಿತ್ತು. ಹೋಗಿದ್ದರೆ ಕಥೆ ಇರುತ್ತಿರಲಿಲ್ಲ ಅನ್ನಬಹುದು. ನನಗೇನೋ ಬೇರೆ ಕಥೆ, ಇನ್ನೂ ಒಳ್ಳೆಯ ಕಥೆ ಇರುತ್ತಿತ್ತು ಅನ್ನಿಸುತ್ತದೆ. ದಾಬಿಸ್‌ಗೆ ಒಂಟಿತನ ಗೊತ್ತು, ಅದನ್ನು ಅವರು ಬಹಳ ಚೆನ್ನಾಗಿ ಮಾಡಿದ್ದಾರೆ. ಗುಂಪು ಹೇಗೆ ಕಟ್ಟುತ್ತದೆ ಎಂಬುದು ಅವರ ಸೆಲೈನಾದ ಬಾಲ್ಯದಲ್ಲಿ ಇರಲಿಲ್ಲವೋ ಏನೋ, ಚಿತ್ರದಲ್ಲೂ ಬಂದಿಲ್ಲ.

ಇಷ್ಟೆಲ್ಲ ಆಕ್ಷೇಪ ಎತ್ತಿದ ಮೇಲೂ ಈ ಚಿತ್ರ ನೋಡಿ ಎಂದೇ ಹೇಳುತ್ತೇನೆ. ಮಕ್ಕಳು ಅಮೆರಿಕದಲ್ಲಿರುವ ತಂದೆ ತಾಯಿ ಖಂಡಿತ ನೋಡಬೇಕು. ನಮ್ಮ ಮಕ್ಕಳು ಫೋನಿನಲ್ಲಿ ಎಲ್ಲಾ ಚೆನ್ನಾಗಿದೆ ಅಪ್ಪಾ ಎನ್ನುತ್ತಾರಲ್ಲ, ಆ ‘ಚೆನ್ನಾಗಿದೆ’ಯ ಪಕ್ಕದ ಅಂಗಡಿ ಯಾವುದು ಎಂದು ಒಂದು ಸಲ ಯೋಚನೆ ಬರುತ್ತದೆ.

ಪುಣೆಯ ನಮ್ಮ ಸಂಘದಲ್ಲಿ ಬರುವ ತಿಂಗಳು ಇದನ್ನು ತೋರಿಸುವುದೆಂದು ಆಗಿದೆ. ಸಬ್‌ಟೈಟಲ್ ಇಂಗ್ಲಿಷಿನಲ್ಲಿದೆ, ಹಿರಿಯ ಹೆಣ್ಣುಮಕ್ಕಳಿಗಾಗಿ ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳುತ್ತ ಹೋಗುವ ಕೆಲಸ ನನ್ನ ಪಾಲಿಗೆ ಬಂದಿದೆ. ಬಹುಮಟ್ಟಿಗೆ ತಯಾರಿ ಮುಗಿಯಿತು. ಒಂದೇ ಒಂದು ಕಡೆ ಸಿಕ್ಕಿಬಿದ್ದಿದ್ದೇನೆ. ವಿಮಾನ ನಿಲ್ದಾಣದಲ್ಲಿ ಅಧಿಕಾರಿ ಮುನಾಳನ್ನು ‘ಆಕ್ಯುಪೇಷನ್?’ ಎಂದು ಕೇಳುತ್ತಾನೆ, ಅವನು ಕೇಳಿದ್ದು ಉದ್ಯೋಗ. ಅವಳು ತನ್ನ ದೇಶವನ್ನು ಬೇರೆಯವರು ಆಕ್ರಮಿಸಿದ್ದರ ಬಗ್ಗೆ ಕೇಳಿದನೆಂದು ತಿಳಿದು, ಹೌದು, ನಲವತ್ತು ವರ್ಷದಿಂದ ಎನ್ನುತ್ತಾಳೆ. ಇಡೀ ಚಿತ್ರದಲ್ಲೇ ಒಳ್ಳೆಯ ಮಾತು ಅದು. ಎರಡೂ ಅರ್ಥ ಬರುವ ಒಂದೇ ಕನ್ನಡ ಪದ ಹುಡುಕುತ್ತಿದ್ದೇನೆ. ‘ಹಿಡಿದದ್ದು ಏನು?’ ಎಂದು ಕೇಳಿಸಿದರೆ ಹೇಗೆ ಎಂದು ಮನೆಯಾಕೆಯನ್ನು ಕೇಳಿದೆ. “ಕೆಲಸ ಹಿಡಿಯೋದೂ ಆತು, ಹೊಲ ಹಿಡಿಯೋದೂ ಆತು, ನಡೀತೈತಿ ಬಿಡ್ರಿ” ಅಂದಳು. ಸದ್ಯಕ್ಕೆ ಅದನ್ನೇ ಬರೆದಿಟ್ಟುಕೊಂಡಿದ್ದೇನೆ.